ಮೊಬೈಲ್‌ನಿಂದ ದಾಖಲೆ ವರ್ಗಾವಣೆ: ಕಾನ್ಫಿಗ್‌ಎಫ್‌ಎಸ್ ವ್ಯವಸ್ಥೆಯ ಕುರಿತು ಅರ್ಜಿದಾರರಿಗೆ ಮಾಹಿತಿ

ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಅಣ್ಣಿಗೇರಿ ತಾಲೂಕುಗಳಲ್ಲಿ ಸೇವಾ ಕೇಂದ್ರಗಳಿಗೆ ಬರುವ ಅರ್ಜಿದಾರರ ಪೈಕಿ ಹಲವರು ಆಧಾರ್, ಪಾಸ್‌ಬುಕ್, ಪಹಣಿ ಮುಂತಾದವುಗಳ ಛಾಯಾಚಿತ್ರಗಳನ್ನು ಮೊಬೈಲ್‌ನಲ್ಲಿಯೇ ಇಟ್ಟುಕೊಂಡಿರುತ್ತಾರೆ. ಅಂತರ್ಜಾಲ ಸಂಪರ್ಕ ದುರ್ಬಲವಾಗಿದ್ದಲ್ಲಿ ಅವುಗಳನ್ನು ಯುಎಸ್‌ಬಿ ಕೇಬಲ್ ಮೂಲಕ ಗಣಕಯಂತ್ರಕ್ಕೆ ವರ್ಗಾಯಿಸಬಹುದಾಗಿರುತ್ತದೆ. ಆದರೆ ಕೇಬಲ್ ಜೋಡಿಸಿದ ಮಾತ್ರಕ್ಕೆ ಗಣಕಯಂತ್ರದಲ್ಲಿ ಏನೂ ಕಾಣಿಸದೆ, ಮೊಬೈಲ್ ಕೇವಲ ಚಾರ್ಜ್ ಆಗುತ್ತಿರಬಹುದು. ಹೆಸರು ಬೆಳೆಯ ವಿಮೆಗೆ ನೋಂದಾಯಿಸುವ ಕೊನೆಯ ದಿನದಂದು ಮೊಬೈಲ್ ಕೆಟ್ಟಿದೆಯೆಂದು ತಿಳಿದು ಊರಿಗೆ ಮರಳಿದರೆ ಆ ಹಂಗಾಮಿನ ವಿಮೆಯೇ ಕೈತಪ್ಪುತ್ತದೆ. ಬಹುತೇಕ ಸಂದರ್ಭಗಳಲ್ಲಿ ಮೊಬೈಲ್ ಕೆಟ್ಟಿರುವುದಿಲ್ಲ. ಮಾಲೀಕರ ಸಮ್ಮತಿಗಾಗಿ ಕಾಯುತ್ತಿರುತ್ತದೆ.

ಆಂಡ್ರಾಯ್ಡ್ ಮೊಬೈಲ್‌ಗಳು ಲಿನಕ್ಸ್ ಕರ್ನಲ್ ಆಧಾರದ ಮೇಲೆ ಕೆಲಸ ಮಾಡುತ್ತವೆ. ಯಂತ್ರಭಾಗಗಳಿಗೂ ಇತರ ತಂತ್ರಾಂಶಗಳಿಗೂ ನಡುವೆ ಇದ್ದು ಎಲ್ಲವನ್ನೂ ನಿಯಂತ್ರಿಸುವ ಮೂಲ ತಂತ್ರಾಂಶವೇ ಕರ್ನಲ್. ಅದರೊಡನೆ ವ್ಯವಹರಿಸಲು ಇರುವ ಮಾರ್ಗಗಳಲ್ಲಿ ‘ಸಿಸ್‌ಎಫ್‌ಎಸ್’ ಮತ್ತು ‘ಕಾನ್ಫಿಗ್‌ಎಫ್‌ಎಸ್’ ಎಂಬ ಎರಡು ಕಾಲ್ಪನಿಕ ಕಡತ ವ್ಯವಸ್ಥೆಗಳು ಮುಖ್ಯವಾದವು. ಇವುಗಳಲ್ಲಿ ಕಾಣುವ ಫೋಲ್ಡರ್‌ಗಳು ಯಾವುದೇ ಡಿಸ್ಕಿನಲ್ಲಿ ಇರುವುದಿಲ್ಲ. ಕರ್ನಲ್ಲಿನ ಒಳಗಿರುವ ವಸ್ತುಗಳೇ ಫೋಲ್ಡರ್ ಮತ್ತು ಕಡತಗಳ ರೂಪದಲ್ಲಿ ಗೋಚರಿಸುತ್ತವೆ.

ಸಿಸ್‌ಎಫ್‌ಎಸ್ ಅನ್ನು ಪಹಣಿಗೆ ಹೋಲಿಸಬಹುದು. ದಾಖಲೆಯನ್ನು ತೆರೆದಿರುವುದು ಕರ್ನಲ್. ಬಳಕೆದಾರರು ಅದನ್ನು ಓದಬಹುದು, ಕೆಲವು ಅಂಕಣಗಳನ್ನು ಮಾತ್ರ ಬದಲಿಸಬಹುದು. ಕಾನ್ಫಿಗ್‌ಎಫ್‌ಎಸ್‌ನ ರೀತಿ ಬೇರೆ. ಅರ್ಜಿ ಬಂದ ಮೇಲಷ್ಟೇ ಕಚೇರಿಯಲ್ಲಿ ಕಡತ ಹುಟ್ಟುವಂತೆ, ಇಲ್ಲಿ ‘ಎಂಕೆಡಿರ್’ ಆದೇಶದಿಂದ ಹೊಸ ಫೋಲ್ಡರ್ ರಚಿಸಿದಾಗ ಕರ್ನಲ್ ಒಂದು ಹೊಸ ವಸ್ತುವನ್ನು ನಿರ್ಮಿಸುತ್ತದೆ. ಭರ್ತಿ ಮಾಡಬೇಕಾದ ಅಂಕಣಗಳು ಆ ಫೋಲ್ಡರಿನಲ್ಲಿ ಸಣ್ಣ ಕಡತಗಳಾಗಿ ತಾವಾಗಿಯೇ ಮೂಡುತ್ತವೆ. ಬರೆದ ಮೌಲ್ಯ ಕ್ರಮಬದ್ಧವಾಗಿಲ್ಲದಿದ್ದರೆ ಅಲ್ಲಿಯೇ ತಿರಸ್ಕೃತವಾಗುತ್ತದೆ. ಹಿಂಬರಹಕ್ಕಾಗಿ ದಿನಗಟ್ಟಲೆ ಕಾಯಬೇಕಾದ ಪ್ರಮೇಯವಿಲ್ಲ. ‘ಆರ್‌ಎಂಡಿರ್’ ಆದೇಶದಿಂದ ಫೋಲ್ಡರ್ ತೆಗೆದರೆ ವಸ್ತುವೂ ರದ್ದಾಗುತ್ತದೆ. ಆದರೆ ಇನ್ನೊಂದು ವಸ್ತುವು ಕೊಂಡಿಯ ಮೂಲಕ ಅದನ್ನು ಅವಲಂಬಿಸಿದ್ದಲ್ಲಿ, ಕೊಂಡಿ ಬಿಡಿಸುವವರೆಗೆ ಕರ್ನಲ್ ಅನುಮತಿಸುವುದಿಲ್ಲ.

ಒರಾಕಲ್ ಸಂಸ್ಥೆಯ ಎಂಜಿನಿಯರ್ ಜೋಯೆಲ್ ಬೆಕರ್ ಇದನ್ನು ರೂಪಿಸಿದರು. 2006ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 2.6.16 ಆವೃತ್ತಿಯಲ್ಲಿ ಇದು ಸೇರ್ಪಡೆಯಾಯಿತು. ಯುಎಸ್‌ಬಿ ಸಾಧನಗಳ ರಚನೆಗೆ ಇದರ ಬಳಕೆ 2013ರಲ್ಲಿ ಆರಂಭವಾಯಿತು.

ಇಂದಿನ ಅನೇಕ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಯುಎಸ್‌ಬಿ ಸಂಪರ್ಕದ ಸ್ವರೂಪ ನಿರ್ಧಾರವಾಗುವುದು ಈ ಫೋಲ್ಡರ್‌ಗಳಲ್ಲಿಯೇ. ಮೊಬೈಲ್ ಯಾವ ತಯಾರಕರದು, ಕ್ರಮಸಂಖ್ಯೆ ಏನು ಎಂಬುದನ್ನು ಅಂಕಣಗಳಲ್ಲಿ ಬರೆಯಲಾಗಿರುತ್ತದೆ. ಕಡತ ವರ್ಗಾವಣೆ, ಅಂತರ್ಜಾಲ ಹಂಚಿಕೆ ಮುಂತಾದ ಪ್ರತಿ ಕಾರ್ಯಕ್ಕೂ ಪ್ರತ್ಯೇಕ ಫೋಲ್ಡರ್ ಇರುತ್ತದೆ. ಬಳಕೆದಾರರು ‘ಫೈಲ್ ಟ್ರಾನ್ಸ್‌ಫರ್’ ಆಯ್ಕೆ ಮಾಡಿದಾಗ ಮೊಬೈಲ್‌ನ ತಂತ್ರಾಂಶವು ಹಳೆಯ ಕೊಂಡಿಗಳನ್ನು ತೆಗೆದು, ಕಡತ ವರ್ಗಾವಣೆಯ ಫೋಲ್ಡರಿಗೆ ಹೊಸ ಕೊಂಡಿ ಹಾಕಿ, ಕೊನೆಯದಾಗಿ ಯುಎಸ್‌ಬಿ ನಿಯಂತ್ರಕದ ಹೆಸರನ್ನು ನಮೂದಿಸುತ್ತದೆ. ಈ ಕೊನೆಯ ನಮೂದು ಅಧಿಕಾರಿಯ ಸಹಿಯಿದ್ದಂತೆ. ಅದು ಬೀಳುವವರೆಗೆ ಹೊಸ ಏರ್ಪಾಡು ಗಣಕಯಂತ್ರಕ್ಕೆ ಕಾಣಿಸುವುದಿಲ್ಲ. ಬಳಕೆದಾರರು ಯಾವ ಆದೇಶವನ್ನೂ ಕೈಯಿಂದ ಬರೆಯಬೇಕಾಗಿಲ್ಲ. ಈ ವಸ್ತುಗಳು ಕೇವಲ ಸ್ಮೃತಿಯಲ್ಲಿ ಇರುವುದರಿಂದ ಮೊಬೈಲ್ ಆರಿಸಿದಾಗ ಅಳಿಸಿಹೋಗಿ, ಪುನಃ ಚಾಲೂ ಮಾಡಿದಾಗ ಹೊಸದಾಗಿ ರಚನೆಯಾಗುತ್ತವೆ.

2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದೀಚೆಗೆ ಕೇಬಲ್ ಜೋಡಿಸಿದಾಗ ಮೊದಲಿಗೆ ಚಾರ್ಜಿಂಗ್ ಮಾತ್ರ ದೊರೆಯುವಂತೆ ಮಾಡಲಾಗಿದೆ. ಇದು ಅರ್ಜಿದಾರರ ಹಿತಕ್ಕಾಗಿಯೇ ಇರುವ ತಡೆ. ಫೈಲ್ ಟ್ರಾನ್ಸ್‌ಫರ್ ಆಯ್ಕೆ ಮಾಡಿದೊಡನೆ ಬೇಕಾದ ಒಂದು ದಾಖಲೆಯಷ್ಟೇ ಅಲ್ಲ, ಮೊಬೈಲ್‌ನಲ್ಲಿರುವ ಕುಟುಂಬದ ಛಾಯಾಚಿತ್ರಗಳೂ ಇಳಿಸಿಕೊಂಡ ಇತರ ಕಡತಗಳೂ ಆ ಗಣಕಯಂತ್ರಕ್ಕೆ ತೆರೆದುಕೊಳ್ಳುತ್ತವೆ. ಆದ್ದರಿಂದ ಆಯ್ಕೆಯನ್ನು ಅರ್ಜಿದಾರರು ಸ್ವತಃ ಮಾಡುವುದು, ವರ್ಗಾವಣೆ ಮುಗಿಯುವವರೆಗೆ ಎದುರಿನಲ್ಲಿಯೇ ಇರುವುದು ಸೂಕ್ತ. ಮೊಬೈಲ್ ಬೀಗ ತೆರೆಯುವ ಪಿನ್ ಸಂಖ್ಯೆಯನ್ನು ಯಾರಿಗೂ ಹೇಳತಕ್ಕದ್ದಲ್ಲ.

ಕೇಬಲ್ ಜೋಡಿಸಿ, ಬೀಗ ತೆರೆದು, ತೆರೆಯ ಮೇಲ್ಭಾಗದಿಂದ ಸೂಚನಾಪಟ್ಟಿಯನ್ನು ಕೆಳಗೆ ಎಳೆದಾಗ ಯುಎಸ್‌ಬಿ ಕುರಿತ ಸೂಚನೆ ಕಾಣಿಸುತ್ತದೆ. ಅದನ್ನು ಒತ್ತಿ ಫೈಲ್ ಟ್ರಾನ್ಸ್‌ಫರ್ ಆರಿಸತಕ್ಕದ್ದು. ಕೆಲಸ ಮುಗಿದೊಡನೆ ಕೇಬಲ್ ತೆಗೆಯತಕ್ಕದ್ದು. ಸೂಚನೆಯೇ ಕಾಣಿಸದಿದ್ದಲ್ಲಿ ಬೇರೆ ಕೇಬಲ್ ಬಳಸಿ ನೋಡುವುದು. ಅಗ್ಗದ ಕೆಲವು ಕೇಬಲ್‌ಗಳಲ್ಲಿ ವಿದ್ಯುತ್ತಿನ ತಂತಿಗಳು ಮಾತ್ರ ಇದ್ದು, ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ.