ಒಣಮರದ ಒಕ್ಕಲು

ಬೇಸಿಗೆಯ ಮುಂಜಾನೆ ಮಾವಿನ ತೋಪಿನಲ್ಲಿಯೋ ತೆಂಗಿನ ತೋಟದಲ್ಲಿಯೋ ನಡೆದು ಹೋಗುವವರಿಗೆ ಬಡಗಿಯ ಉಳಿಪೆಟ್ಟಿನಂತಹ ಸದ್ದು ಕೇಳಿಬರುವುದುಂಟು. ಅದು ಮರಕುಟಿಗ ಹಕ್ಕಿಯ ಕೆಲಸ. ಮರಕುಟಿಗಗಳಲ್ಲಿ ಅನೇಕ ಜಾತಿಗಳಿವೆ. ಕರ್ನಾಟಕದ ಊರುಗಳ ಸುತ್ತಮುತ್ತ ಸಾಮಾನ್ಯವಾಗಿ ಕಾಣುವುದು ಹೊಂಬಣ್ಣದ ಬೆನ್ನುಳ್ಳ ಮರಕುಟಿಗ. ಗಂಡಿನ ನೆತ್ತಿಯೆಲ್ಲ ಕೆಂಪು. ಹೆಣ್ಣಿನ ಮುಂದಲೆ ಬಿಳಿಯ ಚುಕ್ಕೆಗಳುಳ್ಳ ಕಪ್ಪು. ಹಿಂದಿನ ಜುಟ್ಟು ಮಾತ್ರ ಕೆಂಪು.

ಮರ ಕೊರೆಯಲು ಬೇಕಾದ ಸಲಕರಣೆಗಳೆಲ್ಲ ಈ ಹಕ್ಕಿಯ ದೇಹದಲ್ಲಿಯೇ ಇವೆ. ಮುಂದಕ್ಕೆ ಎರಡು, ಹಿಂದಕ್ಕೆ ಎರಡು ಬೆರಳುಗಳಿರುವ ಕಾಲು ತೊಗಟೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಬಿರುಸಾದ ಬಾಲ ಊರುಗೋಲಾಗುತ್ತದೆ. ನೇರವಾದ ಕೊಕ್ಕು ಉಳಿಯಾಗುತ್ತದೆ.

ಆದರೆ ಕುಟ್ಟಿದ ಕಡೆಯಲ್ಲೆಲ್ಲ ಗೂಡಿರುವುದಿಲ್ಲ. ಹಕ್ಕಿ ಇರುವೆ, ಹುಳುಗಳನ್ನು ಹುಡುಕುವುದಕ್ಕೂ ಮರವನ್ನು ಕುಟ್ಟುತ್ತದೆ. ಒಣಗಿದ ಕಾಂಡವೊಂದರ ಬುಡದಲ್ಲಿ ಹೊಸ ಮರದ ಚಕ್ಕೆಗಳು ಚೆಲ್ಲಿದ್ದು, ಮೇಲೆ ದುಂಡನೆಯ ರಂಧ್ರವಿದ್ದರೆ ಅಲ್ಲಿ ಗೂಡಿನ ಕೆಲಸ ನಡೆದಿದೆಯೆಂದು ಊಹಿಸಬಹುದು. ರಂಧ್ರವು ತುಸು ಒಳಕ್ಕೆ ಹೋಗಿ, ಅನಂತರ ಕೆಳಮುಖವಾಗಿ ಹೂಜಿಯಂತೆ ಅಗಲವಾಗುತ್ತದೆ. ಹುಲ್ಲು, ನಾರುಗಳ ಹಾಸಿಗೆ ಅಲ್ಲಿಲ್ಲ. ಉಳಿದ ಮರದ ಪುಡಿಯ ಮೇಲೆಯೇ ಹೆಣ್ಣು ಸಾಮಾನ್ಯವಾಗಿ ಮೂರು ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಕತ್ತಲೆಯ ಪೊಟರೆಯಲ್ಲಿರುವ ಮೊಟ್ಟೆಗೆ ಶತ್ರುವಿನ ಕಣ್ಣು ತಪ್ಪಿಸುವ ಬಣ್ಣ ಬೇಕಿಲ್ಲ.

ಒಳಗಿನ ಸಂಗತಿಯನ್ನು ಅರಿಯಲು ಪೊಟರೆಯನ್ನು ಒಡೆಯಬೇಕಾಗಿಲ್ಲ. ದೂರದ ಪೊದೆಯ ಮರೆಯಲ್ಲಿ ಅಲುಗಾಡದೆ ಕುಳಿತು, ಯಾವ ಹಕ್ಕಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಒಳಗಿತ್ತು ಎಂಬುದನ್ನು ಬರೆದಿಟ್ಟರೆ ಸಾಕು. ಹಕ್ಕಿ ಕೊಕ್ಕಿನಿಂದ ಚಕ್ಕೆಗಳನ್ನು ಹೊರಕ್ಕೆಸೆಯುತ್ತಿದ್ದರೆ ಕೊರೆತ ಮುಗಿದಿಲ್ಲ. ಗಂಡುಹೆಣ್ಣುಗಳು ಸರದಿಯಂತೆ ಬಹಳ ಹೊತ್ತು ಒಳಗೇ ಉಳಿದರೆ ಕಾವು ನಡೆದಿದೆ. ಮತ್ತೆ ಮತ್ತೆ ಬಂದು ಬೇಗನೆ ಮರಳಿದರೆ, ಒಳಗಿನಿಂದ ಚಿಲಿಪಿಲಿ ಕೇಳಿದರೆ, ಮರಿಗಳು ಹೊರಬಂದಿವೆ. ಪಕ್ಷಿತಜ್ಞ ಸಲೀಂ ಅಲಿಯವರು 1930ರಲ್ಲಿ ಮುಂಬಯಿಯ ಸಮೀಪದ ಕಿಹಿಮ್ ಎಂಬ ಕರಾವಳಿಯ ಹಳ್ಳಿಯಲ್ಲಿ ಗೀಜಗನ ಗೂಡುಗಳನ್ನು ಹೀಗೆಯೇ ತಿಂಗಳುಗಟ್ಟಲೆ ನೋಡಿ, ಆ ಹಕ್ಕಿಯ ಸಂಸಾರದ ಗುಟ್ಟನ್ನು ಬಯಲಿಗೆ ತಂದರು.

ತಾಳ್ಮೆಯಿಲ್ಲದವನು ಪೊಟರೆಗೆ ಕೈಹಾಕುತ್ತಾನೆ. ಬೆದರಿದ ತಾಯ್ತಂದೆಗಳು ಗೂಡನ್ನೇ ತೊರೆಯಬಹುದು. ಆಗ ಮೊಟ್ಟೆಮರಿಗಳ ಗತಿ ಮುಗಿಯಿತು. ಅಂಥವನಿಗೆ ದೊರೆಯುವುದು ಒಂದು ನೋಟ. ಹಕ್ಕಿ ಕಳೆದುಕೊಳ್ಳುವುದು ಒಂದು ಸಂಸಾರ.

ಮರಿಗಳು ಹಾರಿಹೋದ ಮೇಲೂ ಆ ಪೊಟರೆ ಬಹುಕಾಲ ಬರಿದಾಗಿರುವುದಿಲ್ಲ. ಕೊರೆಯಲರಿಯದ ಮೈನಾ, ಗಿಳಿ, ಹಾಲಕ್ಕಿ, ಮಡಿವಾಳ ಹಕ್ಕಿಗಳು ಅದರಲ್ಲಿ ಮನೆ ಮಾಡುತ್ತವೆ. ಒಣಗಿದ ಮರ ಸೌದೆಗಲ್ಲದೆ ಮತ್ತಾವುದಕ್ಕೂ ಬಾರದೆಂದು ಕೊಡಲಿಯೆತ್ತುವವರು ಕ್ಷಣಕಾಲ ತಲೆಯೆತ್ತಿ ನೋಡಬೇಕು. ಎಲೆಯಿಲ್ಲದ ಆ ಮರ ಬರಿಯ ಕಟ್ಟಿಗೆಯಲ್ಲ, ಅದರಲ್ಲಿ ಒಕ್ಕಲಿದೆ.