ಹೃದ್ರೋಗದ ಮುನ್ಸೂಚನೆ: ಪರೀಕ್ಷೆಗೂ ಒಂದು ಪರೀಕ್ಷೆ

ಕಳೆದ ಶ್ರಾವಣದಲ್ಲಿ ಐವತ್ತೆರಡು ವರ್ಷದ ರೈತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಪಟ್ಟಣದಲ್ಲಿರುವ ಮಗ ಹಣ ಕಟ್ಟಿ ಮಾಡಿಸಿದ್ದ ರಕ್ತಪರೀಕ್ಷೆಯ ವರದಿ ಅವರ ಕೈಯಲ್ಲಿತ್ತು. ಅದರಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬುದರ ಮುಂದೆ ಕೆಂಪು ಗುರುತು. "ಡಾಕ್ಟರ್ ಸಾಹೇಬ್ರ, ನನಗ ಹಾರ್ಟ್ ಅಟ್ಯಾಕ್ ಆಗೂದು ಖರೆ ಏನ್ರಿ?" ಎಂದು ಕೇಳಿದರು. ಎರಡು ರಾತ್ರಿ ಅವರಿಗೆ ನಿದ್ರೆಯಿರಲಿಲ್ಲ. ವಿಚಾರಿಸಲಾಗಿ, ಎರಡು ವರ್ಷಗಳಿಂದ ಅವರ ರಕ್ತದೊತ್ತಡವನ್ನು ಯಾರೂ ಅಳೆದಿರಲಿಲ್ಲ. ಅಂಗಿಯ ಜೇಬಿನಲ್ಲಿ ಬೀಡಿಯ ಕಟ್ಟು ಕಾಣುತ್ತಿತ್ತು.

ಮುಂಬರುವ ವ್ಯಾಧಿಯನ್ನು ಮೊದಲೇ ಅರಿಯಬೇಕೆಂಬ ಹಂಬಲ ವೈದ್ಯರಿಗೆ ಹೊಸದಲ್ಲ. ಚರಕಸಂಹಿತೆಯ ಇಂದ್ರಿಯಸ್ಥಾನದ 12 ಅಧ್ಯಾಯಗಳು ಅರಿಷ್ಟ ಲಕ್ಷಣಗಳಿಗೇ ಮೀಸಲಾಗಿವೆ. ಆದರೆ ಆರೋಗ್ಯವಂತನಾಗಿ ಓಡಾಡುತ್ತಿರುವವನ ಮುಂದಿನ ಹತ್ತು ವರ್ಷಗಳ ಅಪಾಯವನ್ನು ಅಂಕಿಯಲ್ಲಿ ಹೇಳುವ ವಿದ್ಯೆ ಬೇರೆ. ಅದಕ್ಕೆ ಬುನಾದಿ ಬಿದ್ದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ. 1948ರಿಂದ ಅಲ್ಲಿಯ 5,209 ಸ್ತ್ರೀಪುರುಷರನ್ನು ದಶಕಗಳ ಕಾಲ ಗಮನಿಸುತ್ತಾ ಬಂದರು. ವಯಸ್ಸು, ಲಿಂಗ, ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್, ಮಧುಮೇಹ ಇವುಗಳನ್ನು ಕೂಡಿಸಿ ಅಪಾಯವನ್ನು ಲೆಕ್ಕಹಾಕುವ ಸೂತ್ರ ಅಲ್ಲಿಂದ ಬಂದಿತು.

ಆ ಬಳಿಕ "ಇದನ್ನು ಸೇರಿಸಿದರೆ ಮುನ್ಸೂಚನೆ ಇನ್ನೂ ನಿಖರವಾಗುತ್ತದೆ" ಎನ್ನುವ ಹೊಸ ಹೊಸ ಪರೀಕ್ಷೆಗಳು ಬರುತ್ತಲೇ ಇವೆ. ಇಂತಹ 79 ಸಂಶೋಧನಾ ಲೇಖನಗಳನ್ನು ತ್ಸೌಲಾಕಿ, ಅಯೋನಿಡಿಸ್ ಮೊದಲಾದವರು ಜರಡಿ ಹಿಡಿದು, 2009ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಹುಪಾಲು ಲೇಖನಗಳ ವಿನ್ಯಾಸದಲ್ಲೋ, ಲೆಕ್ಕದಲ್ಲೋ, ವರದಿಯಲ್ಲೋ ದೋಷಗಳಿದ್ದವು. ಹಳೆಯ ಸೂತ್ರವನ್ನು ಇದ್ದಂತೆ ಬಳಸದೆ, ಅರೆಬರೆ ಮಾಡಿ ಅದರೊಡನೆ ಹೋಲಿಸಿದರೆ ಹೊಸ ಪರೀಕ್ಷೆ ಗೆಲ್ಲುವುದು ಸಹಜ. ಸೊರಗಿದ ಪೈಲ್ವಾನನನ್ನು ಕಣಕ್ಕಿಳಿಸಿ ಕುಸ್ತಿ ಗೆದ್ದಂತೆ ಅದು.

ಒಂದು ವಸ್ತುವಿಗೂ ರೋಗಕ್ಕೂ ಸಂಬಂಧವಿದೆ ಎಂಬುದು ಒಂದು ಮಾತು, ಅದರಿಂದ ರೋಗಿಯನ್ನು ಮೊದಲೇ ಗುರುತಿಸಬಹುದು ಎಂಬುದು ಇನ್ನೊಂದು. ಮುಂದೆ ಹೃದ್ರೋಗಕ್ಕೆ ತುತ್ತಾಗುವ ಒಬ್ಬರನ್ನೂ ಆಗದ ಒಬ್ಬರನ್ನೂ ಜೋಡಿಯಾಗಿ ನಿಲ್ಲಿಸಿದೆವೆನ್ನೋಣ. ಸೂತ್ರವು ಮೊದಲನೆಯವರಿಗೆ ಹೆಚ್ಚು ಅಂಕ ಕೊಟ್ಟರೆ ಗೆದ್ದಂತೆ. ನಾಣ್ಯ ಚಿಮ್ಮಿ ಹೇಳಿದರೂ ಅರ್ಧದಷ್ಟು ಜೋಡಿಗಳಲ್ಲಿ ಉತ್ತರ ಸರಿಯಾದೀತು. ಇದೇ ಅಳತೆಗೋಲಿನಿಂದ, 52 ಅಧ್ಯಯನಗಳ ಸುಮಾರು 2.46 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2012ರಲ್ಲಿ ನೋಡಲಾಯಿತು. ನಮ್ಮ ರೈತರನ್ನು ಹೆದರಿಸಿದ ಅದೇ ಪ್ರೋಟೀನನ್ನು ಹಳೆಯ ಅಂಶಗಳಿಗೆ ಸೇರಿಸಿದಾಗ ಹೆಚ್ಚಿದ್ದು 0.0039 ಮಾತ್ರ. ಸಾವಿರ ಜೋಡಿಗಳಲ್ಲಿ ನಾಲ್ಕರಷ್ಟು! ಮಧ್ಯಮ ಅಪಾಯದ 400ರಿಂದ 500 ಜನರಿಗೆ ಈ ಪರೀಕ್ಷೆ ಮಾಡಿದರೆ ಹತ್ತು ವರ್ಷಗಳಲ್ಲಿ ಹೆಚ್ಚುವರಿಯಾಗಿ ಒಂದು ಆಘಾತವನ್ನು ತಪ್ಪಿಸಬಹುದೆಂದು ಅವರು ಅಂದಾಜಿಸಿದರು. ಇದು ಶೂನ್ಯವಲ್ಲ ನಿಜ. ಆದರೆ ಕೆಂಪು ಗುರುತು ಹುಟ್ಟಿಸುವ ಭಯಕ್ಕೆ ಇದು ತಕ್ಕ ಪ್ರಮಾಣವೂ ಅಲ್ಲ.

ಸೂತ್ರ ಯಾರನ್ನು ನೋಡಿ ಕಟ್ಟಿದ್ದು ಎಂಬುದನ್ನೂ ಕೇಳಬೇಕು. ನೂರು ಜನರಿಗೆ ತಲಾ ಶೇಕಡಾ 10ರ ಅಪಾಯವಿದೆ ಎಂದರೆ, ಅವಧಿ ಮುಗಿಯುವಾಗ ಹತ್ತಿರ ಹತ್ತಿರ ಹತ್ತು ಜನರಿಗೆ ರೋಗ ಬಂದಿರಬೇಕು. ಫ್ರೇಮಿಂಗ್‌ಹ್ಯಾಮಿನ ಆ ಮೊದಲ ತಂಡದವರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಅದೇ ಸೂತ್ರ ಚೀನೀಯರಲ್ಲಿ ಅಪಾಯವನ್ನು ಹೆಚ್ಚಾಗಿ ತೋರಿಸಿತು. ನಮ್ಮವರಿಗಾದರೋ ಹೃದಯಾಘಾತ ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತದೆಂದು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ತೋರಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತಿನ 21 ಪ್ರದೇಶಗಳಿಗೆ ಪ್ರತ್ಯೇಕ ಕೋಷ್ಟಕಗಳನ್ನು ಕೊಟ್ಟಿದೆ. ಅವುಗಳಲ್ಲಿ ಒಂದು ಬಗೆಗೆ ರಕ್ತಪರೀಕ್ಷೆಯೇ ಬೇಡ. ವಯಸ್ಸು, ಲಿಂಗ, ಧೂಮಪಾನ, ರಕ್ತದೊತ್ತಡ, ಎತ್ತರಕ್ಕೆ ತಕ್ಕ ತೂಕ ಇಷ್ಟು ತಿಳಿದರೆ ಸಾಕು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಇದು ಸಾಧ್ಯ.

ಪರರ ಪದ್ಧತಿಯನ್ನಷ್ಟೇ ಪ್ರಶ್ನಿಸಿ ನಮ್ಮದನ್ನು ಬಿಡುವುದು ನ್ಯಾಯವಲ್ಲ. ನಾಡಿ ಹಿಡಿದು ಹೃದಯಾಘಾತದ ವರ್ಷವನ್ನೇ ಹೇಳುತ್ತೇವೆನ್ನುವ ವೈದ್ಯಬಂಧುಗಳು ಉಂಟು. ನಾಡಿಪರೀಕ್ಷೆಯಲ್ಲಿ ನಮಗೆ ಶ್ರದ್ಧೆಯಿದೆ. ದಿನವೂ ನಾಡಿ ನೋಡುತ್ತೇವೆ. ಆದರೆ ಹೇಳಿದ ಭವಿಷ್ಯವನ್ನು ಬರೆದಿಟ್ಟು, ಹತ್ತು ವರ್ಷ ಕಾದು, ನಿಜವಾದದ್ದನ್ನೂ ಸುಳ್ಳಾದದ್ದನ್ನೂ ಎಣಿಸುವವರೆಗೆ ಅಂತಹ ಮಾತನ್ನು ರೋಗಿಯ ಮುಂದೆ ಆಡಬಾರದು. ತರುಣರಾಗಿದ್ದಾಗ ನಾವೂ ಹಾಗೆ ಆಡಿದ್ದುಂಟು, ಈಗ ನೆನೆದರೆ ಸಂಕೋಚವಾಗುತ್ತದೆ.

ರೈತರಿಗೆ ಆ ವಾರ ನೆಗಡಿ, ಕೆಮ್ಮು ಇದ್ದವು. ಸೋಂಕಿನಲ್ಲಿ ಈ ಪ್ರೋಟೀನ್ ಏರುವುದು ಸಾಮಾನ್ಯವೆಂದು ತಿಳಿಸಿ, ಗುಣವಾದ ಮೇಲೆ ಬೇಕಿದ್ದರೆ ಮತ್ತೆ ನೋಡೋಣವೆಂದೆವು. ರಕ್ತದೊತ್ತಡ 164/100 ಇತ್ತು. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಅಳೆದರೂ ಹೆಚ್ಚು ಇಳಿಯಲಿಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಚೀಟಿ ಬರೆದು ಕಳುಹಿಸಿದೆವು. ಅವರು ಮಾತ್ರೆ ಆರಂಭಿಸಿದರು. ದೀಪಾವಳಿಯ ನಂತರ ಬಂದಾಗ ಒತ್ತಡ 138/86ಕ್ಕೆ ಇಳಿದಿತ್ತು. ದಿನಕ್ಕೆ ಇಪ್ಪತ್ತು ಇದ್ದ ಬೀಡಿ ಮೂರಕ್ಕೆ ಬಂದಿದೆಯೆಂದು ಅಭಿಮಾನದಿಂದ ಹೇಳಿದರು. ಆ ಮೂರರ ವಿಷಯವಾಗಿ ಇನ್ನೂ ಮಾತುಕತೆ ನಡೆದಿದೆ.