ಕೊಟ್ಟಿಗೆ ಗೋಡೆಯ ಕಬ್ಬಿಣದ ಪೈಪಿಗೆ ಅರ್ಥಿಂಗ್ ಆಗಿದೆಯೇ?

ಸೋಲಾರ್ ಹಾಕಿಸಿದ ಮೇಲೆ ಹಸು ತೊಟ್ಟಿಯ ನೀರನ್ನು ನಾಲಿಗೆಯಿಂದ ನೆಕ್ಕಿ ನೋಡಿ ಹಿಂದೆ ಸರಿಯುತ್ತಿದೆಯೇ? ಕರೆಯಲು ಕೂತರೆ ಕಾಲು ಎತ್ತೆತ್ತಿ ಇಡುತ್ತ, ಸೊರೆ ಬಿಡದೆ ಸತಾಯಿಸುತ್ತಿದೆಯೇ? ದೃಷ್ಟಿ ತೆಗೆಯಿರಿ, ಬೇಡವೆನ್ನುವುದಿಲ್ಲ. ಕೆಚ್ಚಲು ಬಾವು ಇದೆಯೇ ಎಂದು ಪಶುವೈದ್ಯರಿಗೂ ತೋರಿಸಿ. ಜೊತೆಗೆ, ಸೂರಿನಿಂದ ಗೋಡೆಗುಂಟ ಇಳಿದಿರುವ ವೈರಿನ ಪೈಪನ್ನೂ ಒಮ್ಮೆ ನೋಡಿ. ಮುಟ್ಟಬೇಡಿ, ನೋಡಿ ಸಾಕು.

ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಹಸುವಿಗೆ ಗೊತ್ತಾಗುತ್ತದೆ. ನಮ್ಮ ಕಾಲಲ್ಲಿ ಚಪ್ಪಲಿ ಇರುತ್ತದೆ. ಅದರದ್ದು ಗಂಜಲದಲ್ಲಿ ನೆನೆದ ಗೊರಸು, ಒದ್ದೆ ಮೂತಿ. ತೊಟ್ಟಿಗೂ ನೆಲಕ್ಕೂ ಮೂರ್ನಾಲ್ಕು ವೋಲ್ಟ್ ವ್ಯತ್ಯಾಸವಿದ್ದರೂ ಬೆಚ್ಚುತ್ತದೆ. ಸೋರಿಕೆ ದೊಡ್ಡದಾದರೆ ಹಸುವಿನ ಜೀವಕ್ಕೂ, ಬಕೆಟ್ ಹಿಡಿದು ಪಕ್ಕದಲ್ಲಿ ನಿಂತ ನಿಮ್ಮ ಜೀವಕ್ಕೂ ಅಪಾಯ.

ಆರು ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 240 ವೋಲ್ಟ್ ಡಿ.ಸಿ. ಕರೆಂಟು ಆ ಪೈಪಿನೊಳಗೆ ಹರಿಯುತ್ತದೆ. ಇಲಿ ಕಡಿಯದಿರಲಿ, ದನದ ಕೊಂಬು ತಾಗದಿರಲಿ ಎಂದು ಕಬ್ಬಿಣದ ಪೈಪು ಹಾಕುವುದು ಒಳ್ಳೆಯದೇ. ಆದರೆ ಪೈಪಿನ ಕತ್ತರಿಸಿದ ಅಂಚು ಚೂಪಾಗಿದ್ದರೆ ವೈರಿನ ಸಿಪ್ಪೆ ತರಚಿಕೊಂಡು ಪೈಪಿಗೇ ಕರೆಂಟು ಬರುತ್ತದೆ. ಪೈಪಿಗೆ ಅರ್ಥಿಂಗ್ ಇದ್ದರೆ ಈಗಿನ ಇನ್ವರ್ಟರ್‌ಗಳು ಈ ಸೋರಿಕೆಯನ್ನು ಕಂಡುಹಿಡಿದು ದೋಷದ ಸೂಚನೆ ತೋರಿಸುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಇನ್ವರ್ಟರಿಗೆ ಸುಳಿವೇ ಸಿಗುವುದಿಲ್ಲ. ಮೊದಲು ಗೊತ್ತಾಗುವುದು ಪೈಪಿಗೆ ಮೈ ಉಜ್ಜಿದ ಹಸುವಿಗೆ.

ಅದಕ್ಕೇ ನಿಯಮವಿರುವುದು. ಅರ್ಥಿಂಗ್ ಹೇಗಿರಬೇಕೆಂದು ಭಾರತೀಯ ಮಾನಕ ಐಎಸ್ 3043 ಹೇಳುತ್ತದೆ. ಕಬ್ಬಿಣದ ಪೈಪು, ಪ್ಯಾನೆಲ್ಲಿನ ಚೌಕಟ್ಟು, ಅದನ್ನು ಹೊತ್ತ ಕಂಬಿಗಳು, ಇನ್ವರ್ಟರಿನ ಡಬ್ಬ ಎಲ್ಲವೂ ಒಂದಕ್ಕೊಂದು ಬೆಸೆದು ಭೂಮಿಗೆ ಸೇರಬೇಕು. ಒಟ್ಟಿಗೆ ಬೆಸೆದಿದ್ದರೆ ಒಂದು ಲೋಹಕ್ಕೂ ಇನ್ನೊಂದಕ್ಕೂ ವೋಲ್ಟ್ ವ್ಯತ್ಯಾಸ ಬೆಳೆಯುವುದಿಲ್ಲ. ದನ ಕಟ್ಟುವ ಕಬ್ಬಿಣದ ಕಂಬಿ, ಲೋಹದ ನೀರಿನ ತೊಟ್ಟಿಯನ್ನೂ ಇದಕ್ಕೆ ಸೇರಿಸಲು ಹೇಳಿ. ಕೊಟ್ಟಿಗೆಯ ಮಟ್ಟಿಗೆ ಇದನ್ನು ಬಿಡಲೇಬಾರದು.

ಕೆಲಸ ಕೆಡುವುದು ಸಾಮಾನ್ಯವಾಗಿ ಜೋಡಣೆಯ ಜಾಗದಲ್ಲಿ. ಬಣ್ಣ ಬಳಿದ ಪೈಪಿನ ಮೇಲೆ ಹಾಗೆಯೇ ಕ್ಲ್ಯಾಂಪ್ ಬಿಗಿದರೆ ಬಣ್ಣವೇ ಅಡ್ಡ. ಅಲ್ಲಿ ಕೆರೆದು ಲೋಹ ಕಾಣಿಸಿ ಬಿಗಿಯಬೇಕು. ಕಬ್ಬಿಣದ ಪೈಪು ಮುಗಿದು ನಡುವೆ ಒಂದು ಗೇಣು ಪ್ಲಾಸ್ಟಿಕ್ ಪೈಪು, ಮತ್ತೆ ಕಬ್ಬಿಣ ಎಂದಿದ್ದರೆ ಆಚೆಯ ತುಂಡು ಒಂಟಿಯಾಗಿ ಉಳಿಯುತ್ತದೆ. ಅದಕ್ಕೂ ಹಸಿರು ಅಥವಾ ಹಸಿರು-ಹಳದಿ ವೈರು ಕಟ್ಟಬೇಕು. ಅಲ್ಯೂಮಿನಿಯಂ ಚೌಕಟ್ಟಿಗೆ ಬರಿ ತಾಮ್ರವನ್ನು ಸುತ್ತಿದರಂತೂ ಗಂಜಲದ ಗಾಳಿಗೆ ಬೇಗ ಕಿಲುಬು ಹಿಡಿಯುತ್ತದೆ. ತವರ ಲೇಪಿಸಿದ ಲಗ್ ಹಾಕಿಸಿ. ಪೂರ್ತಿ ಪ್ಲಾಸ್ಟಿಕ್ ಪೈಪಾಗಿದ್ದರೆ ಆ ಪೈಪಿಗೆ ಅರ್ಥಿಂಗ್ ಬೇಡ, ಆದರೆ ಚೌಕಟ್ಟಿಗೂ ಕಂಬಿಗೂ ಬೇಕೇ ಬೇಕು.

ನೆಲದಲ್ಲಿ ಡಿ.ಸಿ.ಗೆ, ಎ.ಸಿ.ಗೆ, ಸಿಡಿಲು ತಡೆಗೆ ಎಂದು ಬೇರೆ ಬೇರೆ ಗುಂಡಿ ತೋಡುತ್ತಾರೆ. ಅವನ್ನು ಒಂದಕ್ಕೊಂದು ಜೋಡಿಸಿದ್ದಾರೆಯೇ ಕೇಳಿ. ಅರ್ಥಿಂಗ್ ಅಳತೆ 5 ಓಮ್ ಮೀರಬಾರದು; ಮೀಟರ್ ಹಿಡಿದು ನಿಮ್ಮೆದುರೇ ಅಳೆದು ಬರೆದುಕೊಡಲಿ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮನೆಗೆ 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಹಾಯಧನವಿದೆ, ಉಳಿದದ್ದು ನಿಮ್ಮ ಹಾಲಿನ ದುಡ್ಡು. ಇಷ್ಟನ್ನು ನೋಡದೆ ಕೊನೆಯ ಕಂತು ಕೊಡಬೇಡಿ, "ಕೆಲಸ ಮುಗಿದಿದೆ" ಎಂಬ ಕಾಗದಕ್ಕೆ ಸಹಿ ಹಾಕಬೇಡಿ. "ಇದೆಲ್ಲ ನಿಮಗ್ಯಾಕಮ್ಮ, ಯಜಮಾನರನ್ನು ಕರೀರಿ" ಎಂದರೂ ಅಲ್ಲೇ ನಿಂತಿರಿ. ಕೊಟ್ಟಿಗೆಯಲ್ಲಿ ದಿನಕ್ಕೆರಡು ಹೊತ್ತು ಕೂರುವವರು ನೀವು.

ಅನುಮಾನ ಬಂದರೆ ಮೊದಲು ದನಗಳನ್ನು ಬಿಚ್ಚಿ ದೂರ ಕಟ್ಟಿ. ಮನೆಯ ಮೇನ್ ಸ್ವಿಚ್ ಆರಿಸಿದರೆ ಸಾಲದು. ಬಿಸಿಲಿರುವವರೆಗೂ ಪ್ಯಾನೆಲ್ಲಿನಿಂದ ಇಳಿಯುವ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಇನ್ವರ್ಟರಿನ ಪಕ್ಕದ ಡಿ.ಸಿ. ಸ್ವಿಚ್ ಆರಿಸಿದರೂ ಅದರ ಮೇಲಿನ ಭಾಗ ಜೀವಂತವೇ. ಹಾಗಾಗಿ ಪೈಪಿಗೆ ಟೆಸ್ಟರ್ ತಾಗಿಸುವ ಸಾಹಸ ಬೇಡ. ಹಾಕಿಕೊಟ್ಟವರನ್ನೋ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರನ್ನೋ ಕರೆಸಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ಗುಂಡಿಗೆ ವಾರಕ್ಕೊಂದೆರಡು ಕೊಡ ನೀರು ಹಾಕುತ್ತಿರಿ.